ಹೋಮ್ ಥಿಯೇಟರ್‌ಗೆ ಐದು ರಿಮೋಟ್: ವಯಸ್ಸಾದವರೂ ನಿಭಾಯಿಸುವಂತೆ ಜೋಡಿಸುವುದು ಹೇಗೆ?

ಪ್ರಶ್ನೆ: ತೋಟದಮನೆ

ವಿರಾಜಪೇಟೆಯಿಂದ ಸ್ವಲ್ಪ ಒಳಗಿರುವ ಕಾಫಿ ತೋಟದಲ್ಲಿ ನಮ್ಮ ಮನೆಯಿದೆ. ಹೆಂಚಿನ ಮಾಡು, ಮರದ ಅಟ್ಟ ಮತ್ತು ಕೆಂಪು ಗಾರೆಯ ನೆಲವಿರುವ ಹಜಾರದಲ್ಲಿ 55 ಇಂಚಿನ 4ಕೆ ಟಿವಿ, 5.1 ಎವಿ ರಿಸೀವರ್ (ಐದು ಸ್ಪೀಕರ್ ಮತ್ತು ತಗ್ಗು ಧ್ವನಿಯ ಒಂದು ಸಬ್‌ವೂಫರ್‌ಗೆ ಧ್ವನಿ ಹಂಚುವ ಪೆಟ್ಟಿಗೆ), ಬ್ಲೂ-ರೇ ಪ್ಲೇಯರ್, ಡಿಟಿಎಚ್ ಪೆಟ್ಟಿಗೆ ಮತ್ತು ಒಂದು ಸ್ಟ್ರೀಮಿಂಗ್ ಸ್ಟಿಕ್ ಇವೆ. ಟಿವಿ ಗೋಡೆಯ ಮೇಲಿದ್ದರೆ, ಉಳಿದೆಲ್ಲ ಉಪಕರಣಗಳು ಪಕ್ಕದ ಗೋಡೆಯ ಮೂಲೆಯಲ್ಲಿರುವ ಬೀಟೆ ಮರದ ಹಳೆಯ ಕಪಾಟಿನೊಳಗಿವೆ. ಕಪಾಟಿನ ಬಾಗಿಲು ಗಟ್ಟಿ ಮರದ್ದಾದ್ದರಿಂದ ರಿಮೋಟ್ ಒತ್ತುವಾಗಲೆಲ್ಲ ಅದನ್ನು ತೆರೆದಿಡಬೇಕಾಗುತ್ತದೆ.

ತೊಂದರೆ ನನ್ನದಕ್ಕಿಂತ ಹೆಚ್ಚಾಗಿ ನನ್ನ ತಂದೆತಾಯಿಯದು. ಎಪ್ಪತ್ತು ದಾಟಿದ ಅವರಿಗೆ ಸಂಜೆಯ ವಾರ್ತೆ, ಒಂದೆರಡು ಧಾರಾವಾಹಿ ಮತ್ತು ಹಾಕಿ ಪಂದ್ಯವಿದ್ದರೆ ಅದು, ಇಷ್ಟು ಸಿಕ್ಕಿದರೆ ಸಾಕು. ಆದರೆ ಅಷ್ಟಕ್ಕೂ ಟಿವಿಯ ರಿಮೋಟ್, ರಿಸೀವರ್‌ನ ರಿಮೋಟ್ ಮತ್ತು ಡಿಟಿಎಚ್ ರಿಮೋಟ್ ಮೂರನ್ನೂ ಕ್ರಮ ತಪ್ಪದೆ ಒತ್ತಬೇಕು. ಒಮ್ಮೊಮ್ಮೆ ಧ್ವನಿ ಟಿವಿಯಿಂದ ಬರುತ್ತದೆ, ಒಮ್ಮೊಮ್ಮೆ ಸ್ಪೀಕರ್‌ಗಳಿಂದ, ಇನ್ನೊಮ್ಮೆ ಎಲ್ಲಿಂದಲೂ ಇಲ್ಲ. ಕರೆಂಟು ಹೋಗಿ ಬಂದ ಮೇಲಂತೂ ಈ ಗೊಂದಲ ಖಚಿತ. ಕೆಲವು ರಾತ್ರಿ ಯಾರೂ ಮುಟ್ಟದೆಯೇ ಟಿವಿ ತಾನಾಗಿ ಹೊತ್ತಿಕೊಳ್ಳುವುದೂ ಉಂಟು.

ಎಲ್ಲವನ್ನೂ ನಡೆಸುವ ಒಂದೇ ಯೂನಿವರ್ಸಲ್ ರಿಮೋಟ್ ಕೊಳ್ಳುವ ಆಲೋಚನೆಯಿದೆ. ಯಾವುದನ್ನು ಕೊಳ್ಳಬಹುದು ಮತ್ತು ಕೊಳ್ಳುವ ಮೊದಲು ಬೇರೇನನ್ನಾದರೂ ಸರಿಪಡಿಸಬೇಕೆ ಎಂಬುದನ್ನು ಅನುಭವವುಳ್ಳವರು ತಿಳಿಸಿದರೆ ಉಪಕಾರವಾಗುತ್ತದೆ. ಮಳೆಗಾಲ ಹಿಡಿಯುವ ಮುಂಚೆ ಕೆಲಸ ಮುಗಿಸುವ ಉದ್ದೇಶವಿದೆ.

ಉತ್ತರ: ಸರ್ಕ್ಯೂಟ್ ಮೂಲೆ

ರಿಮೋಟ್ ಕೊಳ್ಳುವ ಮಾತನ್ನು ಸದ್ಯಕ್ಕೆ ಬದಿಗಿಡಿ. ನೀವು ವಿವರಿಸಿದ ತೊಂದರೆಗಳಲ್ಲಿ ಬಹುಪಾಲು ತಂತಿಗಳ ಜೋಡಣೆಯಿಂದ ಹುಟ್ಟಿದವು. ಜೋಡಣೆ ಹಾಗೆಯೇ ಉಳಿದರೆ ಎಷ್ಟೇ ದುಬಾರಿ ರಿಮೋಟ್ ತಂದರೂ ಐದು ಗೊಂದಲಗಳು ಒಂದೇ ಕೈಗೆ ಬರುತ್ತವೆ, ಅಷ್ಟೆ.

ಮೊದಲು ನಿರ್ಧರಿಸಬೇಕಾದದ್ದು, ಚಿತ್ರ ಮತ್ತು ಧ್ವನಿಗೆ ದಾರಿ ತೋರುವ ಯಜಮಾನ ಯಾರು, ಟಿವಿಯೋ ರಿಸೀವರ್ರೋ ಎಂಬುದನ್ನು. ಎಲ್ಲ ಉಪಕರಣಗಳನ್ನೂ ರಿಸೀವರ್‌ಗೆ ಸೇರಿಸಿ ಅಲ್ಲಿಂದ ಚಿತ್ರ, ಧ್ವನಿ ಎರಡನ್ನೂ ಸಾಗಿಸುವ ಒಂದೇ ಎಚ್‌ಡಿಎಂಐ ತಂತಿಯನ್ನು ಟಿವಿಗೆ ಒಯ್ಯುವುದು ಹಳೆಯ ಪದ್ಧತಿ. ಅದರಲ್ಲಿ ವಾರ್ತೆ ನೋಡಲಿಕ್ಕೂ ರಿಸೀವರ್ ಜಾಗೃತವಾಗಿರಬೇಕು, ಇಲ್ಲವೇ ಅದರ ಸ್ಟ್ಯಾಂಡ್‌ಬೈ ಪಾಸ್-ಥ್ರೂ (ಆರಿರುವಾಗಲೂ ಚಿತ್ರ, ಧ್ವನಿಯನ್ನು ಟಿವಿಗೆ ದಾಟಿಸುವ ಸೌಲಭ್ಯ) ಸರಿಯಾದ ಇನ್‌ಪುಟ್‌ನಲ್ಲಿ ನಿಂತಿರಬೇಕು. ನಿಮ್ಮ ತಂದೆತಾಯಿ ಮೂರು ರಿಮೋಟ್ ಹಿಡಿಯುತ್ತಿರುವುದಕ್ಕೆ ಬಹುಶಃ ಇದೇ ಕಾರಣ. ಇನ್ನೊಂದು ಪದ್ಧತಿಯಲ್ಲಿ ಉಪಕರಣಗಳು ಟಿವಿಗೆ ಸೇರುತ್ತವೆ. ಟಿವಿಯಿಂದ ಧ್ವನಿ ಮಾತ್ರ ಎಆರ್‌ಸಿ ಎಂಬ ಹಿಮ್ಮುಖ ದಾರಿಯಲ್ಲಿ ರಿಸೀವರ್‌ಗೆ ಹೋಗುತ್ತದೆ. ಎಆರ್‌ಸಿ 2009ರ ಎಚ್‌ಡಿಎಂಐ 1.4 ಆವೃತ್ತಿಯೊಂದಿಗೆ ಬಂದಿತು. ಅದರ ಸುಧಾರಿತ ರೂಪವಾದ ಇ-ಎಆರ್‌ಸಿ 2017ರ ಎಚ್‌ಡಿಎಂಐ 2.1ರಲ್ಲಿ ಸೇರಿತು.

ನಿಮ್ಮ ಮನೆಗೆ ಇವೆರಡರ ಮಿಶ್ರಣ ಒಪ್ಪುತ್ತದೆಂದು ನನ್ನ ಅಭಿಪ್ರಾಯ. ದಿನನಿತ್ಯದ ಡಿಟಿಎಚ್ ಪೆಟ್ಟಿಗೆಯನ್ನೂ ಸ್ಟಿಕ್ಕನ್ನೂ ಕಪಾಟಿನಿಂದ ಹೊರತಂದು ನೇರವಾಗಿ ಟಿವಿಗೆ ಜೋಡಿಸಿ. ಬ್ಲೂ-ರೇ ಪ್ಲೇಯರ್ ಮಾತ್ರ ರಿಸೀವರ್‌ನಲ್ಲೇ ಇರಲಿ, ಏಕೆಂದರೆ ಡಿಸ್ಕಿನಲ್ಲಿರುವ ಟ್ರೂಎಚ್‌ಡಿ ಮತ್ತು ಡಿಟಿಎಸ್-ಎಚ್‌ಡಿ ಎಂಬ ಉನ್ನತ ಗುಣಮಟ್ಟದ ಬಹುವಾಹಿನಿ ಧ್ವನಿಗಳು ಸಾಮಾನ್ಯ ಎಆರ್‌ಸಿಯಲ್ಲಿ ಹಾದುಹೋಗುವುದಿಲ್ಲ, ಮತ್ತು ಕೆಲವು ಟಿವಿಗಳು ಡಿಟಿಎಸ್ ಅನ್ನು ಮುಂದಕ್ಕೆ ಬಿಡುವುದೇ ಇಲ್ಲ. ರಿಸೀವರ್‌ನ ಎಚ್‌ಡಿಎಂಐ ಔಟ್ ಮತ್ತು ಟಿವಿಯಲ್ಲಿ ಎಆರ್‌ಸಿ ಎಂದು ಬರೆದಿರುವ ಪೋರ್ಟಿನ ನಡುವೆ ಒಂದೇ ತಂತಿ ಸಾಕು. ಡಿಸ್ಕಿನ ಚಿತ್ರ ಅದರಲ್ಲಿ ಟಿವಿಯ ಕಡೆಗೆ ಹೋಗುತ್ತದೆ, ಟಿವಿಯ ಧ್ವನಿ ಅದರಲ್ಲೇ ರಿಸೀವರ್‌ಗೆ ಮರಳುತ್ತದೆ. ಡಿಟಿಎಚ್ ಚಾನೆಲ್‌ಗಳ ಧ್ವನಿ ಬಹುಪಾಲು ಬರಿಯ ಸ್ಟೀರಿಯೊ ಆದ್ದರಿಂದ ಅದನ್ನು ಟಿವಿಯ ಮೂಲಕ ಹಾಯಿಸುವುದರಿಂದ ನಷ್ಟವೇನೂ ಇಲ್ಲ.

ಇನ್ನು ಸಿಇಸಿ. ಎಚ್‌ಡಿಎಂಐ ತಂತಿಯ ಹತ್ತೊಂಬತ್ತು ಪಿನ್‌ಗಳಲ್ಲಿ ಹದಿಮೂರನೆಯದು ಉಪಕರಣಗಳು ಪರಸ್ಪರ ಆದೇಶ ಕೊಟ್ಟುಕೊಳ್ಳಲು ಮೀಸಲಾದದ್ದು. ಕಂಪನಿಗಳು ಇದೇ ಸೌಲಭ್ಯಕ್ಕೆ ತಮ್ಮತಮ್ಮ ಹೆಸರಿಟ್ಟಿವೆ: ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಮೆನುವಿನಲ್ಲಿ ಸಿಇಸಿ ಎಂದು ಹುಡುಕಿ ಸಿಗದೆ ಅನೇಕರು ತಮ್ಮ ಟಿವಿಯಲ್ಲಿ ಅದು ಇಲ್ಲವೆಂದೇ ಭಾವಿಸುತ್ತಾರೆ. ಟಿವಿ ಮತ್ತು ರಿಸೀವರ್ ಎರಡರಲ್ಲೂ ಇದನ್ನು ಆನ್ ಮಾಡಿ. ಆಗ ರಿಸೀವರ್ ಹೊತ್ತಿದಾಗ ಟಿವಿ ತನ್ನ ಸ್ಪೀಕರ್‌ಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ, ಟಿವಿ ರಿಮೋಟಿನ ವಾಲ್ಯೂಮ್ ಗುಂಡಿ ರಿಸೀವರ್‌ನ ಧ್ವನಿಯನ್ನು ಏರಿಳಿಸುತ್ತದೆ. ರಿಸೀವರ್ ಆಫ್ ಆದೊಡನೆ ಅದೇ ಗುಂಡಿ ಟಿವಿಯ ಧ್ವನಿಗೆ ಮರಳುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಟಿವಿ ಹೊತ್ತಿದಾಗಲೆಲ್ಲ ರಿಸೀವರ್ ಕೂಡ ಏಳುವಂತೆ ಮಾಡುವ ಆಯ್ಕೆಯೊಂದು ಇರುತ್ತದೆ. ಅದನ್ನು ಆಫ್ ಮಾಡಿ. ಟಿವಿ ಆರಿದಾಗ ರಿಸೀವರ್ ಆರುವ ಆಯ್ಕೆ ಮಾತ್ರ ಇರಲಿ. ಹೀಗೆ ಮಾಡಿದರೆ ನಿಮ್ಮ ಹಿರಿಯರ ಪಾಲಿಗೆ ಅದು ಬರಿಯ ಟಿವಿಯಾಗಿ ಉಳಿಯುತ್ತದೆ. ಹೋಮ್ ಥಿಯೇಟರ್ ಎಂಬುದು ನೀವು ಕಪಾಟು ತೆರೆದು ರಿಸೀವರ್ ಹೊತ್ತಿಸಿದ ರಾತ್ರಿ ಮಾತ್ರ ಎಚ್ಚರಗೊಳ್ಳುತ್ತದೆ. ವಾರ್ತೆ ಓದುವವರ ಮಾತನ್ನು ಆರು ದಿಕ್ಕಿನಿಂದ ಕೇಳಬೇಕಾದ ಅಗತ್ಯ ಯಾರಿಗೂ ಇಲ್ಲ.

ರಾತ್ರಿ ತಾನಾಗಿ ಟಿವಿ ಹೊತ್ತಿಕೊಳ್ಳುವುದಕ್ಕೂ ಸಾಮಾನ್ಯವಾಗಿ ಸಿಇಸಿಯೇ ಕಾರಣ. ಸ್ಟಿಕ್ ಅಥವಾ ಸೆಟ್-ಟಾಪ್ ಪೆಟ್ಟಿಗೆ ಅಪ್‌ಡೇಟ್‌ಗಾಗಿ ಎಚ್ಚರಗೊಂಡು ತಾನು ಚಿತ್ರ ತೋರಿಸುತ್ತೇನೆಂದು ಟಿವಿಗೆ ಸೂಚನೆ ಕಳುಹಿಸುತ್ತದೆ. ಆ ಎರಡರಲ್ಲಿಯೂ ಸಿಇಸಿಯನ್ನು ಆಫ್ ಮಾಡಿ ಕೆಲವು ರಾತ್ರಿ ಗಮನಿಸಿ, ಬಳಿಕ ಒಂದೊಂದಾಗಿ ಆನ್ ಮಾಡಿದರೆ ಅಪರಾಧಿ ಸಿಕ್ಕಿಬೀಳುತ್ತಾನೆ.

ಉತ್ತರ: ಏಲಕ್ಕಿಕಾಡು

ಮೇಲಿನ ಉತ್ತರವನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಸ್ಟಿಕ್ಕನ್ನು ಟಿವಿಗೆ ಜೋಡಿಸುವ ವಿಷಯದಲ್ಲಿ ನನಗೆ ಸಂಶಯವಿದೆ. ಹೊರಗಿನ ಎಚ್‌ಡಿಎಂಐ ಇನ್‌ಪುಟ್‌ನಿಂದ ಬಂದ ಬಹುವಾಹಿನಿ ಧ್ವನಿಯನ್ನು ಸ್ಟೀರಿಯೊಗೆ ಇಳಿಸಿಯೇ ಎಆರ್‌ಸಿಗೆ ಕೊಡುವ ಟಿವಿಗಳು ಇವೆ. ಟಿವಿಯ ಧ್ವನಿ ಮೆನುವಿನಲ್ಲಿ ಡಿಜಿಟಲ್ ಔಟ್‌ಪುಟ್ ಪಿಸಿಎಂ ಎಂದಿದ್ದರೆ ಅದನ್ನು ಪಾಸ್-ಥ್ರೂ ಅಥವಾ ಬಿಟ್‌ಸ್ಟ್ರೀಮ್ ಎಂದು ಬದಲಿಸಿ, ರಿಸೀವರ್‌ನ ಮುಖದಲ್ಲಿ ಡಾಲ್ಬಿ ಡಿಜಿಟಲ್ ಅಥವಾ ಡಿಜಿಟಲ್ ಪ್ಲಸ್ ಎಂಬ ಸೂಚನೆ ಬರುತ್ತದೆಯೇ ಎಂದು ನೋಡಿ. ಬಾರದಿದ್ದರೆ ಸ್ಟಿಕ್ಕನ್ನು ರಿಸೀವರ್‌ಗೆ ಹಿಂತಿರುಗಿಸುವುದೇ ಲೇಸು. ಸ್ಟಿಕ್‌ನ ರಿಮೋಟ್ ಬ್ಲೂಟೂತ್‌ನಲ್ಲಿ ಮಾತಾಡುವುದರಿಂದ ಕಪಾಟಿನ ಮರ ಅದಕ್ಕೆ ಅಡ್ಡಿಯಾಗದು.

ಉಳಿದ ರಿಮೋಟ್‌ಗಳ ಕಥೆ ಬೇರೆ. ಟಿವಿ, ಡಿಟಿಎಚ್, ರಿಸೀವರ್ ಮತ್ತು ಡಿಸ್ಕ್ ಪ್ಲೇಯರ್‌ಗಳ ರಿಮೋಟ್‌ಗಳು ಸಾಮಾನ್ಯವಾಗಿ ಅವಗೆಂಪು (ಐಆರ್) ಬೆಳಕಿನವು. ಸೆಕೆಂಡಿಗೆ ಸುಮಾರು 38 ಸಾವಿರ ಬಾರಿ ಮಿನುಗುವ ಆ ಬೆಳಕು ಸಾಧಾರಣ ಗಾಜಿನ ಮೂಲಕ ಸಲೀಸಾಗಿ ದಾಟುತ್ತದೆ, ಬೀಟೆ ಮರದ ಮೂಲಕ ದಾಟುವುದಿಲ್ಲ. ಹಿರಿಯರು ಮಾಡಿಸಿದ ಕಪಾಟಿನ ಬಾಗಿಲನ್ನು ಕೊರೆಯಲು ಯಾರಿಗೂ ಮನಸ್ಸು ಬರಲಾರದು. ಅದರ ಅಗತ್ಯವೂ ಇಲ್ಲ. ಐಆರ್ ರಿಪೀಟರ್ ಎಂಬ ಚಿಕ್ಕ ಸಾಧನವೊಂದು ಸಿಗುತ್ತದೆ. ಅದರ ಕಣ್ಣನ್ನು ಟಿವಿಯ ಕೆಳಗಂಚಿಗೆ ಅಂಟಿಸಿ, ತೆಳುವಾದ ತಂತಿಯನ್ನು ಕಪಾಟಿನ ಹಿಂಬದಿಯಿಂದ ಒಳಗೊಯ್ದು, ಅದರ ತುದಿಯ ಪುಟ್ಟ ದೀಪವನ್ನು ರಿಸೀವರ್‌ನ ಸಂವೇದಕದ ಮೇಲೆಯೇ ಅಂಟಿಸಬೇಕು. ಕೆಲವು ಎಲ್‌ಇಡಿ ಬಲ್ಬುಗಳ ಮಿನುಗು ಅಥವಾ ಕಿಟಕಿಯಿಂದ ನೇರವಾಗಿ ಬೀಳುವ ಬಿಸಿಲು ಈ ಕಣ್ಣನ್ನು ಕುರುಡಾಗಿಸಬಲ್ಲದು. ಆದ್ದರಿಂದ ಅದರ ಜಾಗವನ್ನು ಹಗಲಿನಲ್ಲಿಯೂ ದೀಪ ಹೊತ್ತಿಸಿದ ಮೇಲೂ ಪರೀಕ್ಷಿಸಿ ಆರಿಸಿ. ರಿಮೋಟ್ ಸತ್ತಿದೆಯೋ ಎಂಬ ಅನುಮಾನ ಬಂದರೆ ಅದರ ಮೂತಿಯನ್ನು ಮೊಬೈಲಿನ ಮುಂಬದಿ ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿ ನೋಡಿ. ಪರದೆಯಲ್ಲಿ ಮಿನುಗು ಕಂಡರೆ ರಿಮೋಟ್ ಬದುಕಿದೆ. ಹಿಂಬದಿಯ ಕ್ಯಾಮೆರಾಗಳಲ್ಲಿ ಈ ಬೆಳಕನ್ನು ತಡೆಯುವ ಶೋಧಕ ಇರುವ ಸಂಭವ ಹೆಚ್ಚು.

ಯೂನಿವರ್ಸಲ್ ರಿಮೋಟ್ ಕುರಿತು ಕೇಳಿದ್ದೀರಿ. ಒಂದು ಕಾಲದಲ್ಲಿ ಈ ಕ್ಷೇತ್ರದ ದೊಡ್ಡ ಹೆಸರಾಗಿದ್ದ ಲಾಜಿಟೆಕ್ ಹಾರ್ಮನಿಯ ತಯಾರಿಕೆಯನ್ನು ಕಂಪನಿ 2021ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. ಈಗ ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡರೆ ಹೊಸ ಉಪಕರಣ ಸೇರಿಸಲು ಕಂಪನಿಯ ಸರ್ವರನ್ನೇ ನಂಬಿರಬೇಕು, ಹಾಗಾಗಿ ನಾನು ಶಿಫಾರಸು ಮಾಡಲಾರೆ. ಫೋನಿನ ಆದೇಶವನ್ನು ವೈ-ಫೈ ಮೂಲಕ ಪಡೆದು ಅವಗೆಂಪು ಬೆಳಕಾಗಿ ಕಳುಹಿಸುವ ಐಆರ್ ಬ್ಲಾಸ್ಟರ್‌ಗಳು ಅಗ್ಗವಾಗಿವೆ, ಆದರೆ ಅವುಗಳಿಗೆ ಮೊಬೈಲ್ ಆ್ಯಪ್ ಬೇಕು. ಮರ ಬಿದ್ದು ಇಂಟರ್ನೆಟ್ ತಂತಿ ತುಂಡಾದ ದಿನ, ಕನ್ನಡಕ ಹುಡುಕಿ ಫೋನಿನಲ್ಲಿ ಆ್ಯಪ್ ತೆರೆಯಿರಿ ಎಂದು ಹಿರಿಯರಿಗೆ ಹೇಳುವುದು ನ್ಯಾಯವಲ್ಲ.

ಹಲವು ಡಿಟಿಎಚ್ ರಿಮೋಟ್‌ಗಳಲ್ಲಿ ಟಿವಿಯ ಪವರ್ ಮತ್ತು ವಾಲ್ಯೂಮ್ ಆದೇಶಗಳನ್ನು ಕಲಿಯುವ ಗುಂಡಿಗಳಿರುತ್ತವೆ. ಎರಡು ರಿಮೋಟ್‌ಗಳ ಮೂತಿಗಳನ್ನು ಕೆಲವೇ ಸೆಂಟಿಮೀಟರ್ ಅಂತರದಲ್ಲಿ ಎದುರುಬದುರಾಗಿಟ್ಟು, ಕೈಪಿಡಿಯಲ್ಲಿರುವ ಕ್ರಮದಂತೆ ಒಂದರಿಂದ ಇನ್ನೊಂದಕ್ಕೆ ಕಲಿಸಬಹುದು. ಅಷ್ಟಾದರೆ ನಿಮ್ಮ ತಂದೆತಾಯಿಗೆ ಆ ಒಂದು ರಿಮೋಟ್ ಸಾಕು. ಹೊಸದಾಗಿ ಏನನ್ನೂ ಕೊಳ್ಳಬೇಕಾಗಿಲ್ಲ. ಇನ್‌ಪುಟ್ ಬದಲಿಸುವ ಗುಂಡಿ ಆ ರಿಮೋಟಿನಲ್ಲಿದ್ದರೆ ಅದರ ಮೇಲೊಂದು ದಪ್ಪ ಟೇಪ್ ಅಂಟಿಸಿಬಿಡಿ. ನೋಡಲು ಚೆಂದವಲ್ಲ, ಆದರೆ ಫೋನಿನಲ್ಲಿ ನೀವು ಕೊಡಬೇಕಾದ ಸಲಹೆಗಳಲ್ಲಿ ಅರ್ಧ ಅದರಿಂದಲೇ ಕಡಿಮೆಯಾಗುತ್ತವೆ.

ಒಂದೇ ಗುಂಡಿಯಲ್ಲಿ ಎಲ್ಲವನ್ನೂ ಹೊತ್ತಿಸುವ ಮ್ಯಾಕ್ರೊಗಳಿಂದಲೂ ದೂರವಿರಿ ಎನ್ನುವುದಕ್ಕೆ ಕಾರಣವಿದೆ. ಹೆಚ್ಚಿನ ಉಪಕರಣಗಳ ಪವರ್ ಗುಂಡಿ ಹೊತ್ತಿದ್ದನ್ನು ಆರಿಸುತ್ತದೆ, ಆರಿದ್ದನ್ನು ಹೊತ್ತಿಸುತ್ತದೆ. ಕಳುಹಿಸಿದ ಆದೇಶಗಳಲ್ಲಿ ಒಂದನ್ನು ಯಾವುದೋ ಉಪಕರಣ ಗ್ರಹಿಸದೆ ಹೋದರೆ ಅಲ್ಲಿಂದ ಮುಂದೆ ಅದು ಉಳಿದವುಗಳಿಗೆ ತದ್ವಿರುದ್ಧವಾಗಿ ನಡೆಯುತ್ತದೆ. ಮನೆಮಂದಿಗೆ ಯಾವುದನ್ನು ಒತ್ತಬೇಕೆಂದು ತಿಳಿಯುವುದಿಲ್ಲ.

ತೋಟದಮನೆ

ಇಬ್ಬರಿಗೂ ಧನ್ಯವಾದಗಳು. ಡಿಟಿಎಚ್ ಪೆಟ್ಟಿಗೆಯನ್ನು ಟಿವಿಯ ಕೆಳಗೆ ತರುವುದು ಸುಲಭ. ಆದರೆ ಕರೆಂಟು ಹೋಗಿ ಬಂದ ನಂತರ ಸ್ಪೀಕರ್‌ಗಳಿಂದ ಧ್ವನಿಯೇ ಬರದಿರುವುದು ಏಕೆಂದು ಇನ್ನೂ ಅರ್ಥವಾಗಿಲ್ಲ. ಹಾಗೆಯೇ ರಿಸೀವರ್‌ನಿಂದ ಸದಾ ಒಂದು ಸಣ್ಣ ಗುಂಯ್‌ಗುಟ್ಟುವಿಕೆ ಕೇಳಿಸುತ್ತದೆ, ಇನ್ವರ್ಟರ್ ಮೇಲೆ ನಡೆಯುವಾಗ ಅದು ಹೆಚ್ಚಾಗುತ್ತದೆ. ರಿಸೀವರ್‌ನಿಂದ ಟಿವಿಗೆ ಅಟ್ಟದ ಮೂಲಕ ತಂತಿ ಎಳೆದರೆ ಸುಮಾರು ಎಂಟು ಮೀಟರ್ ಬೇಕು. ಈಗಿರುವ ತಂತಿಯಲ್ಲಿ ಚಿತ್ರ ಒಮ್ಮೊಮ್ಮೆ ಕಪ್ಪಾಗಿ ಮರಳುತ್ತದೆ.

ಉತ್ತರ: ಹೂಮಳೆ

ಕರೆಂಟಿನ ವಿಷಯವನ್ನು ನಾನು ಹೇಳುತ್ತೇನೆ, ಏಕೆಂದರೆ ನಮ್ಮ ಜಿಲ್ಲೆಯಲ್ಲಿ ಹೋಮ್ ಥಿಯೇಟರ್ ಹಾಳಾಗುವುದು ಬಳಕೆಯಿಂದಲ್ಲ.

ವಿದ್ಯುತ್ ಮರಳಿದ ಕ್ಷಣದಲ್ಲಿ ಎಲ್ಲ ಉಪಕರಣಗಳೂ ಒಟ್ಟಿಗೆ ಎಚ್ಚರಗೊಳ್ಳುತ್ತವೆ. ಸಿಇಸಿ ಜಾಲದಲ್ಲಿ ಟಿವಿಯ ವಿಳಾಸ ಸೊನ್ನೆ, ರಿಸೀವರ್‌ನದು ಐದು. ಪ್ರತಿಯೊಂದೂ ತನ್ನ ಜಾಗವನ್ನು ಕೇಳಿ ಪಡೆಯಬೇಕು. ಟಿವಿ ಇನ್ನೂ ಪೂರ್ತಿ ಸಿದ್ಧವಾಗುವ ಮೊದಲೇ ರಿಸೀವರ್ ವಿಚಾರಿಸಿ ಉತ್ತರ ಸಿಗದೆ ಸುಮ್ಮನಾದರೆ ಎಆರ್‌ಸಿ ದಾರಿ ತೆರೆಯುವುದಿಲ್ಲ. ಎಲ್ಲವನ್ನೂ ಗೋಡೆಯ ಸಾಕೆಟ್ಟಿನಿಂದಲೇ ತೆಗೆದು ಕೆಲವು ನಿಮಿಷ ಬಿಟ್ಟು, ಮೊದಲು ಟಿವಿ, ಅದು ಪೂರ್ತಿ ಎದ್ದ ಮೇಲೆ ರಿಸೀವರ್, ಕೊನೆಗೆ ಉಳಿದವುಗಳಿಗೆ ವಿದ್ಯುತ್ ಕೊಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ರಿಸೀವರ್‌ಗೆ ಪ್ರತ್ಯೇಕ ಸ್ವಿಚ್ ಇಟ್ಟು, ಸಿನಿಮಾ ನೋಡುವಾಗ ಮಾತ್ರ ಹಾಕುವುದಾದರೆ ಈ ಸಮಸ್ಯೆ ಹುಟ್ಟುವುದೇ ಅಪರೂಪ.

ಗುಂಯ್‌ಗುಟ್ಟುವಿಕೆಗೆ ಎರಡು ಕಾರಣಗಳಿರಬಹುದು. ಹೆಚ್ಚಿನ ರಿಸೀವರ್‌ಗಳೊಳಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಚೌಕ ತರಂಗ ಕೊಡುವ ಅಗ್ಗದ ಇನ್ವರ್ಟರ್ ಅದನ್ನು ನಡುಗಿಸಿ ಬಿಸಿಮಾಡುತ್ತದೆ. ಶುದ್ಧ ಸೈನ್ ತರಂಗದ ಇನ್ವರ್ಟರ್ ಇಲ್ಲದಿದ್ದರೆ ಟಿವಿಯನ್ನೂ ಡಿಟಿಎಚ್ ಪೆಟ್ಟಿಗೆಯನ್ನೂ ಮಾತ್ರ ಇನ್ವರ್ಟರ್ ಸಾಲಿನಲ್ಲಿಟ್ಟು ರಿಸೀವರನ್ನು ಅದರಿಂದ ಹೊರಗಿಡಿ. ಇನ್ನೊಂದು ಕಾರಣ ಡಿಟಿಎಚ್ ತಂತಿಯಿಂದ ಉಂಟಾಗುವ ಗ್ರೌಂಡ್ ಲೂಪ್, ಅಂದರೆ ಎರಡು ಕಡೆ ಅರ್ತ್ ಆಗಿರುವುದರಿಂದ ತಂತಿಗಳಲ್ಲಿ ಸುತ್ತುವ ಸಣ್ಣ ವಿದ್ಯುತ್. ಪೆಟ್ಟಿಗೆಯಿಂದ ಆ್ಯಂಟೆನಾ ತಂತಿಯನ್ನು ಬಿಚ್ಚಿದೊಡನೆ ಶಬ್ದ ನಿಂತರೆ ಕಾರಣ ಅದೇ ಎಂದು ತಿಳಿಯಿರಿ. ಕೇಬಲ್ ಟಿವಿಗೆಂದು ಮಾರುವ ಐಸೋಲೇಟರ್‌ಗಳನ್ನು ಇಲ್ಲಿ ಹಾಕಬೇಡಿ. ಡಿಶ್‌ನ ಮೂತಿಯಲ್ಲಿ ಉಪಗ್ರಹದ ಸಂಕೇತ ಹಿಡಿಯುವ ಎಲ್‌ಎನ್‌ಬಿ ಎಂಬ ಭಾಗಕ್ಕೆ ಬೇಕಾದ 13 ಅಥವಾ 18 ವೋಲ್ಟ್ ವಿದ್ಯುತ್ ಅದೇ ತಂತಿಯಲ್ಲಿ ಮೇಲಕ್ಕೆ ಹೋಗಬೇಕು, ಐಸೋಲೇಟರ್ ಅದನ್ನು ತಡೆಯುತ್ತದೆ. ಎಲ್ಲ ಪ್ಲಗ್‌ಗಳನ್ನೂ ಒಂದೇ ಸಾಕೆಟ್ ಸಮೂಹಕ್ಕೆ ತಂದು, ಡಿಶ್‌ನ ತಂತಿಯ ಹೊರಕವಚವನ್ನು ಮನೆಯ ಅರ್ತಿಂಗ್‌ಗೇ ಜೋಡಿಸುವುದು ಸರಿಯಾದ ದಾರಿ. ಇದನ್ನು ಬಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ. ಶಬ್ದ ನಿಲ್ಲಿಸಲೆಂದು ಪ್ಲಗ್ಗಿನ ಅರ್ತ್ ಪಿನ್ ತೆಗೆಯುವ ಸಲಹೆಯನ್ನು ಯಾರು ಕೊಟ್ಟರೂ ಕೇಳಬೇಡಿ.

ಸಿಡಿಲಿನ ಮಾತನ್ನೂ ಇಲ್ಲಿಯೇ ಹೇಳಬೇಕು. ಜುಲೈ, ಆಗಸ್ಟ್ ತಿಂಗಳ ಎಡೆಬಿಡದ ಮಳೆಗಿಂತ ಏಪ್ರಿಲ್, ಮೇ ತಿಂಗಳ ಗುಡುಗುಮಳೆ ಉಪಕರಣಗಳಿಗೆ ಹೆಚ್ಚು ಅಪಾಯಕಾರಿ. ಗೋಡೆಯ ಪ್ಲಗ್ ಕಿತ್ತರೆ ಸಾಕೆಂದು ಬಹಳ ಮಂದಿ ತಿಳಿದಿದ್ದಾರೆ. ಹೊರಗಿನಿಂದ ಬರುವ ಮತ್ತೊಂದು ತಾಮ್ರದ ದಾರಿ ಡಿಶ್‌ನ ತಂತಿ. ಹತ್ತಿರ ಸಿಡಿಲು ಬಡಿದರೆ ಆಘಾತವು ಅಲ್ಲಿಂದ ಪೆಟ್ಟಿಗೆಗೆ, ಪೆಟ್ಟಿಗೆಯ ಎಚ್‌ಡಿಎಂಐನಿಂದ ಟಿವಿಗೆ, ಟಿವಿಯಿಂದ ರಿಸೀವರ್‌ಗೆ ಸಾಗುತ್ತದೆ. ಟಿವಿಯ ಒಂದೆರಡು ಎಚ್‌ಡಿಎಂಐ ಪೋರ್ಟ್‌ಗಳು ಮಾತ್ರ ಸತ್ತು ಉಳಿದದ್ದೆಲ್ಲ ಸರಿಯಾಗಿರುವ ವಿಚಿತ್ರ ಪ್ರಕರಣಗಳ ಹಿಂದೆ ಇಂಥ ಆಘಾತವಿರಬಹುದು. ಗುಡುಗು ದೂರದಲ್ಲಿರುವಾಗಲೇ ಡಿಶ್‌ನ ತಂತಿಯನ್ನೂ ಪ್ಲಗ್‌ಗಳನ್ನೂ ಬಿಚ್ಚಬೇಕು, ನೆತ್ತಿಯ ಮೇಲೆ ಬಂದ ಮೇಲೆ ಮುಟ್ಟಬಾರದು. ಸರ್ಜ್ ಪ್ರೊಟೆಕ್ಟರ್ ಒಳ್ಳೆಯದೇ, ಆದರೆ ಅದು ಪ್ರತಿ ಆಘಾತಕ್ಕೂ ಸವೆಯುತ್ತದೆ, ಅರ್ತಿಂಗ್ ಸರಿಯಿಲ್ಲದ ಮನೆಯಲ್ಲಿ ಅದರ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಮತ್ತು ನೇರ ಸಿಡಿಲನ್ನು ತಡೆಯುವ ಶಕ್ತಿ ಅದಕ್ಕಿಲ್ಲ.

ಮಳೆಗಾಲದ ತೇವಕ್ಕೆ ರಿಮೋಟ್‌ಗಳ ಬ್ಯಾಟರಿ ಸ್ಪ್ರಿಂಗ್‌ಗಳು ಬೇಗನೆ ಕಿಲುಬು ಹಿಡಿಯುತ್ತವೆ. ಕಪಾಟಿನಲ್ಲಿ ಉಳಿಯುವ ರಿಸೀವರ್ ಮತ್ತು ಪ್ಲೇಯರ್ ರಿಮೋಟ್‌ಗಳಿಂದ ಬ್ಯಾಟರಿ ತೆಗೆದಿಡಿ. ಸ್ಪೀಕರ್‌ಗಳನ್ನು ಹೊರಗೋಡೆಗೆ ಒತ್ತಿ ನಿಲ್ಲಿಸಿದರೆ ಹಿಂಬದಿಗೆ ಬೂಷ್ಟು ಬರುವುದು ನಿಮಗೆ ಗೊತ್ತೇ ಇರುತ್ತದೆ.

ಉತ್ತರ: ಸರ್ಕ್ಯೂಟ್ ಮೂಲೆ

ಸ್ಟಿಕ್‌ನ ಕುರಿತು ಏಲಕ್ಕಿಕಾಡು ಅವರು ಎತ್ತಿದ ಆಕ್ಷೇಪ ಸರಿಯಾಗಿದೆ. ಇ-ಎಆರ್‌ಸಿ ಇರುವ ಟಿವಿ ಮತ್ತು ರಿಸೀವರ್ ಆದರೆ ಆ ತೊಂದರೆ ಕಡಿಮೆ, ಬರಿಯ ಎಆರ್‌ಸಿ ಆದರೆ ಅವರು ಹೇಳಿದಂತೆ ಪರೀಕ್ಷಿಸಿಯೇ ನಿರ್ಧರಿಸಿ. ಒಂದು ವೇಳೆ ರಿಸೀವರ್ ಬಹಳ ಹಳೆಯದಾಗಿ 4ಕೆ ಚಿತ್ರವನ್ನು ಸರಿಯಾಗಿ ದಾಟಿಸದಿದ್ದರೆ ಸ್ಟಿಕ್ ಟಿವಿಯಲ್ಲೇ ಇರಬೇಕಾಗುತ್ತದೆ.

ಎಂಟು ಮೀಟರ್ ತಂತಿಯ ವಿಷಯ. ಸಾಧಾರಣ ತಾಮ್ರದ ಎಚ್‌ಡಿಎಂಐ ತಂತಿಯಲ್ಲಿ ಐದು ಮೀಟರ್ ದಾಟಿದ ಮೇಲೆ 4ಕೆ ಎಚ್‌ಡಿಆರ್ ಚಿತ್ರ ನಂಬಿಕೆಗೆ ಅರ್ಹವಲ್ಲ. ಚಿತ್ರ ಕಪ್ಪಾಗಿ ಮರಳುವುದು ಅದರದೇ ಲಕ್ಷಣ. ಒಳಗೆ ಗಾಜಿನ ಎಳೆಯಿರುವ ಆಪ್ಟಿಕಲ್ ಎಚ್‌ಡಿಎಂಐ ತಂತಿ ಕೊಳ್ಳಿ, ಆದರೆ ಅದು ಎಆರ್‌ಸಿಯನ್ನು ಬೆಂಬಲಿಸುತ್ತದೆಂದು ಪೆಟ್ಟಿಗೆಯ ಮೇಲೆ ಬರೆದಿರುವುದನ್ನು ಓದಿಯೇ ಕೊಳ್ಳಬೇಕು. ಆ ತಂತಿಗೆ ದಿಕ್ಕಿದೆ: ಡಿಸ್‌ಪ್ಲೇ ಎಂದು ಬರೆದ ತುದಿ ಟಿವಿಗೆ, ಸೋರ್ಸ್ ಎಂದು ಬರೆದದ್ದು ರಿಸೀವರ್‌ಗೆ. ಅಟ್ಟದ ಮೇಲೆ ಇಲಿಗಳ ಓಡಾಟ ಇದ್ದೇ ಇರುವುದರಿಂದ ಪ್ಲಾಸ್ಟಿಕ್ ಕೊಳವೆಯೊಳಗೆ ಎಳೆಯಿರಿ; ತಿರುವುಗಳು ಅಗಲವಾಗಿರಲಿ, ಒಂದು ನೈಲಾನ್ ದಾರವನ್ನೂ ಜೊತೆಗೆ ಬಿಟ್ಟಿರಿ, ಮುಂದೆ ತಂತಿ ಬದಲಿಸಲು ಅನುಕೂಲ.

ಎಲ್ಲ ಮುಗಿದ ಮೇಲೆ ರಿಸೀವರ್‌ನ ಜೊತೆ ಬಂದ ಮೈಕ್‌ನಿಂದ ಸ್ಪೀಕರ್‌ಗಳ ಅಳತೆ ತೆಗೆಯಿರಿ. ಮುಂದಿನ ಎರಡು ಸ್ಪೀಕರ್‌ಗಳು ಕುಳಿತವರ ನೇರ ದೃಷ್ಟಿಯಿಂದ ಎರಡೂ ಬದಿಗೆ ಸುಮಾರು 30 ಡಿಗ್ರಿಯಲ್ಲಿ, ಹಿಂದಿನವು ಸುಮಾರು 110 ಡಿಗ್ರಿಯಲ್ಲಿ ಇದ್ದರೆ ಸರಿ. ಕೆಂಪು ಗಾರೆಯ ನೆಲ ಧ್ವನಿಯನ್ನು ಬಹಳ ಪ್ರತಿಫಲಿಸುವುದರಿಂದ ಸೋಫಾದ ಮುಂದೆ ದಪ್ಪ ಜಮಖಾನ ಹಾಸಿ ಅಳೆಯಿರಿ. ಮೈಕನ್ನು ಸೋಫಾದ ಬೆನ್ನಿನ ಮೇಲಿಡದೆ ಕಿವಿಯ ಎತ್ತರದಲ್ಲಿ ಟ್ರೈಪಾಡ್ ಮೇಲೆ ನಿಲ್ಲಿಸಬೇಕು. ಹೆಂಚಿನ ಮೇಲೆ ಮಳೆ ಸುರಿಯುತ್ತಿರುವಾಗ ಈ ಅಳತೆ ಕೆಡುತ್ತದೆ, ಆದ್ದರಿಂದ ಜೂನ್ ಬರುವ ಮೊದಲೇ, ಮಿಕ್ಸಿ, ಫ್ಯಾನು, ಪಂಪ್‌ಸೆಟ್ಟು ಎಲ್ಲ ನಿಂತಿರುವ ಹೊತ್ತು ನೋಡಿ ಮುಗಿಸಿ. ಸ್ಪೀಕರ್‌ಗಳು ಚಿಕ್ಕವಾಗಿದ್ದರೆ ಅವುಗಳನ್ನು ಸ್ಮಾಲ್ ಎಂದು ಗುರುತಿಸಿ, 80 ಹರ್ಟ್ಸ್‌ಗಿಂತ ಕೆಳಗಿನ ಧ್ವನಿಯನ್ನು ಸಬ್‌ವೂಫರ್‌ಗೆ ಬಿಡಿ.

ತೋಟದಮನೆ

ಡಿಟಿಎಚ್ ಪೆಟ್ಟಿಗೆಯನ್ನು ಟಿವಿಯ ಕೆಳಗೆ ತಂದು, ಅದರ ರಿಮೋಟಿಗೆ ಟಿವಿಯ ಪವರ್ ಮತ್ತು ವಾಲ್ಯೂಮ್ ಕಲಿಸಿದ್ದಾಯಿತು. ಪೆಟ್ಟಿಗೆ ಮತ್ತು ಸ್ಟಿಕ್ ಎರಡರಲ್ಲೂ ಸಿಇಸಿ ಆಫ್ ಮಾಡಿದ್ದೇನೆ. ಆ್ಯಂಟೆನಾ ತಂತಿ ಬಿಚ್ಚಿದಾಗ ಗುಂಯ್‌ಗುಟ್ಟುವಿಕೆ ಪೂರ್ತಿ ನಿಂತಿತು, ಹಾಗಾಗಿ ಅರ್ತಿಂಗ್ ನೋಡಲು ಎಲೆಕ್ಟ್ರಿಷಿಯನ್‌ಗೆ ಹೇಳಿಕಳುಹಿಸಿದ್ದೇನೆ. ಟಿವಿಯಲ್ಲಿರುವುದು ಬರಿಯ ಎಆರ್‌ಸಿ. ಪಾಸ್-ಥ್ರೂ ಆಯ್ಕೆ ಹಾಕಿದ ಮೇಲೆ ಸ್ಟಿಕ್‌ನಿಂದ ಡಾಲ್ಬಿ ಡಿಜಿಟಲ್ ಪ್ಲಸ್ ಎಂದು ರಿಸೀವರ್ ತೋರಿಸುತ್ತಿರುವುದರಿಂದ ಅದು ಸದ್ಯಕ್ಕೆ ಟಿವಿಯಲ್ಲೇ ಇರುತ್ತದೆ. ಆಪ್ಟಿಕಲ್ ತಂತಿಯನ್ನು ಮೈಸೂರಿನಿಂದ ತರಿಸಬೇಕಾಗಿದೆ; ಅದು ಬಂದು ಕೊಳವೆಯೊಳಗೆ ಎಳೆದ ಮೇಲೆ ಸ್ಪೀಕರ್‌ಗಳ ಅಳತೆ ತೆಗೆಯುತ್ತೇನೆ.